ರಾಣಿಯ ಮದುವೆಯ ಹನ್ನೆರಡು ಹದ್ದುಗಳು

ಪರದೆಯ ಮೇಲೆ ಕಾಣುತ್ತಿರುವುದು ಒಂದು ಬ್ರೋಚ್. ಬಟ್ಟೆಗೆ ಚುಚ್ಚಿಕೊಳ್ಳುವ ಚಿನ್ನದ ಒಡವೆ. ಆಕಾರ ರೆಕ್ಕೆ ಬಿಚ್ಚಿದ ಹದ್ದಿನದು. ಮೈತುಂಬ ತಿಳಿನೀಲಿ ಫಿರೋಜಾ ಕಲ್ಲು. ಕಣ್ಣಿಗೆ ಮಾಣಿಕ್ಯ, ಕೊಕ್ಕಿಗೆ ವಜ್ರ. ಉಗುರುಗಳ ಹಿಡಿತದಲ್ಲಿ ಮುತ್ತು. ಇದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇಂಥ ಹದ್ದುಗಳನ್ನು ಒಟ್ಟು ಹನ್ನೆರಡು ಮಾಡಿಸಿದ್ದರು. ಎಲ್ಲವೂ ಒಂದೇ ಥರದವು. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿಗೂ ಜರ್ಮನಿಯ ಕೋಬರ್ಗ್ ಮನೆತನದ ಆಲ್ಬರ್ಟ್ ರಾಜಕುಮಾರನಿಗೂ ಮದುವೆಯಾಯಿತು. ಆ ದಿನ ರಾಣಿಯ ಉಡುಪಿನ ಹಿಂದೆ ನೆಲದ ಮೇಲೆ ಹರಡಿಕೊಂಡು ಬರುವ ಉದ್ದನೆಯ ಬಟ್ಟೆಯನ್ನು, ಅಂದರೆ ಟ್ರೇನನ್ನು, ಎತ್ತಿ ಹಿಡಿದುಕೊಂಡು ನಡೆದವರು ಹನ್ನೆರಡು ಹುಡುಗಿಯರು. ಒಬ್ಬೊಬ್ಬರಿಗೆ ಒಂದೊಂದು ಹದ್ದು ಸಿಕ್ಕಿತು.

ನಮ್ಮ ಮದುವೆಗಳಲ್ಲಿ ಕಳಸಗಿತ್ತಿ ಇರುತ್ತಾಳಲ್ವಾ, ಹಾಗೆ ಅಂದುಕೊಳ್ಳಿ. ಮದುಮಗಳ ಪಕ್ಕದಲ್ಲೇ ಕಳಸ ಹಿಡಿದು ನಿಂತಿರುತ್ತಾಳೆ. ಎಲ್ಲ ಫೋಟೋಗಳಲ್ಲೂ ಇರುತ್ತಾಳೆ. ಹತ್ತು ವರ್ಷ ಬಿಟ್ಟು ಆಲ್ಬಮ್ ತೆಗೆದರೆ ‘ಇವಳು ಯಾರು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವಿಕ್ಟೋರಿಯಾ ಮದುವೆಯ ಬಗ್ಗೆ ಬಂದಿರುವ ಬರಹಕ್ಕೆ ಲೆಕ್ಕವಿಲ್ಲ. ಬಿಳಿ ಉಡುಪು, ಕಿತ್ತಳೆ ಹೂವಿನ ದಂಡೆ, ಕೇಕು, ಎಲ್ಲವನ್ನೂ ನೀವು ಒಂದಲ್ಲ ಒಂದು ಕಡೆ ಓದಿರುತ್ತೀರಿ. ಇವತ್ತು ಆ ಮದುವೆಯನ್ನು ಹಿಂದಿನಿಂದ ನೋಡೋಣ. ಟ್ರೇನ್ ಹಿಡಿದವರು ನಿಂತಿದ್ದ ಜಾಗದಿಂದ. ಅಲ್ಲಿಂದ ಬೇರೆಯೇ ಒಂದು ಮದುವೆ ಕಾಣುತ್ತದೆ ಎಂದು ನಾನು ನಂಬಿದ್ದೇನೆ. ಅದಕ್ಕೆ ನಮಗೆ ಸಿಗುವ ಒಳ್ಳೆಯ ಹಿಡಿಕೆ ಈ ಬ್ರೋಚ್.

ಮೊದಲು ಒಂದು ಮಾತು. ಬೆಂಗಳೂರಿನವರಿಗೆ ವಿಕ್ಟೋರಿಯಾ ಎಂದರೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ನಿಂತಿರುವ ಅಮೃತಶಿಲೆಯ ಪ್ರತಿಮೆ. 1906ರಲ್ಲಿ ಅನಾವರಣವಾದದ್ದು. ವಯಸ್ಸಾದ, ಗಂಭೀರ ಮುಖದ ರಾಣಿ. ಆ ಮುಖವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಾವು ಮಾತಾಡುತ್ತಿರುವ ವಿಕ್ಟೋರಿಯಾಗೆ ಇಪ್ಪತ್ತು ವರ್ಷ. ಆಲ್ಬರ್ಟನಿಗೂ ಇಪ್ಪತ್ತೇ. ಟ್ರೇನ್ ಹಿಡಿದ ಹುಡುಗಿಯರಲ್ಲೂ ಹೆಚ್ಚಿನವರು ಅದೇ ವಯಸ್ಸಿನ ಆಸುಪಾಸಿನವರು.

ಮದುವೆ ನಡೆದದ್ದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾ ಮಂದಿರವಾದ ಚಾಪೆಲ್ ರಾಯಲ್‌ನಲ್ಲಿ. ಆ ಕಾಲಕ್ಕೆ ಇಂಗ್ಲೆಂಡಿನ ರಾಜಮನೆತನದ ಮದುವೆಗಳು ಸಾಮಾನ್ಯವಾಗಿ ಸಂಜೆಯೋ ರಾತ್ರಿಯೋ ಅರಮನೆಯ ಒಳಗೇ ಮುಗಿದುಹೋಗುತ್ತಿದ್ದವು. ಇದು ಹಗಲು ಹೊತ್ತಿನಲ್ಲಿ ನಡೆಯಿತು. ಮೆರವಣಿಗೆಯನ್ನು ಊರಿನ ಜನ ನೋಡಲಿ ಎಂದು. ಬೆಳಗ್ಗೆ ಮಳೆ, ಗಾಳಿ. ಆದರೂ ಜನ ರಸ್ತೆ ಬಿಟ್ಟು ಕದಲಲಿಲ್ಲ.

ರಾಣಿ ತೊಟ್ಟಿದ್ದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ರೇಷ್ಮೆ ಸ್ಯಾಟಿನ್. ಅದರ ಮೇಲೆ ಡೆವನ್ ಸೀಮೆಯ ಹೆಂಗಸರು ಕೈಯಲ್ಲೇ ಹೆಣೆದ ಹಾನಿಟನ್ ಲೇಸ್. ಬೀರ್ ಎಂಬ ಸಣ್ಣ ಕಡಲತೀರದ ಊರಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ತಿಂಗಳುಗಟ್ಟಲೆ ಆ ಕೆಲಸ ಮಾಡಿದರು. ಎದೆಯ ಮೇಲೆ ಒಂದು ದೊಡ್ಡ ನೀಲಮಣಿಯ ಬ್ರೋಚ್ ಇತ್ತು, ಸುತ್ತ ಹನ್ನೆರಡು ವಜ್ರ. ಮದುವೆಯ ಹಿಂದಿನ ದಿನ ಆಲ್ಬರ್ಟ್ ಕೊಟ್ಟಿದ್ದು. ಅಂದರೆ ಆ ದಿನ ಚಾಪೆಲ್‌ನಲ್ಲಿ ಮದುಮಗಳ ಎದೆಯ ಮೇಲೂ ನೀಲಿ, ಅವಳ ಹಿಂದೆ ಬಂದ ಹುಡುಗಿಯರ ಪಾಲಿಗೆ ಬಂದದ್ದೂ ನೀಲಿ.

ಹುಡುಗಿಯರ ಉಡುಪು ಪೂರ್ತಿ ಬಿಳಿ. ಅಲಂಕಾರಕ್ಕೆ ಬಿಳಿ ಗುಲಾಬಿ. ಅವರ ಉಡುಪು ಹೇಗಿರಬೇಕು ಎಂದು ವಿಕ್ಟೋರಿಯಾ ತಾನೇ ಬಣ್ಣದಲ್ಲಿ ಚಿತ್ರ ಬರೆದು ತೋರಿಸಿದ್ದಳು. ಅವಳಿಗೆ ಚಿತ್ರ ಬರೆಯುವುದು ಚೆನ್ನಾಗಿ ಬರುತ್ತಿತ್ತು. ಆ ಚಿತ್ರ ಇಂದಿಗೂ ಅರಮನೆಯ ಸಂಗ್ರಹದಲ್ಲಿದೆ. ಬಿಳಿ ಗುಲಾಬಿಗಳಿಂದ ತುಂಬ ಚೆಂದ ಕಾಣಿಸಿತು ಎಂದು ದಿನಚರಿಯಲ್ಲೂ ಬರೆದುಕೊಂಡಿದ್ದಾಳೆ. ಬ್ರೋಚಿನ ಬಗ್ಗೆಯೂ ಅದರಲ್ಲಿ ಒಂದು ಸಾಲಿದೆ. ಟ್ರೇನ್ ಹಿಡಿದವರಿಗೆಲ್ಲ ಫಿರೋಜಾದ ಒಂದು ಪುಟ್ಟ ಹದ್ದನ್ನು ಬ್ರೋಚಾಗಿ ಕೊಟ್ಟೆ ಎಂದು. ಅಷ್ಟೇ ಬರೆದು ಮುಂದೆ ಹೋಗಿದ್ದಾಳೆ.

ಈಗ ಹಿಂದಿನ ಸಾಲಿಗೆ ಬರೋಣ. ಅಲ್ಲಿ ಏನಾಯಿತು ಎಂದು ಆ ಹನ್ನೆರಡು ಜನರಲ್ಲೇ ಒಬ್ಬಳು ಬರೆದಿಟ್ಟಿದ್ದಾಳೆ. ಲೇಡಿ ವಿಲ್ಹೆಲ್ಮಿನಾ ಸ್ಟ್ಯಾನ್‌ಹೋಪ್ ಅಂತ. ಅವಳು ಹೇಳುವುದು ಇಷ್ಟು. ಟ್ರೇನ್ ಹಿಡಿಯಲು ಇದ್ದವರು ಹನ್ನೆರಡು ಜನ, ಅಷ್ಟು ಜನಕ್ಕೆ ಟ್ರೇನಿನ ಉದ್ದ ಸಾಲಲಿಲ್ಲ. ಎಲ್ಲರೂ ಒತ್ತಿಕೊಂಡು ಮುದ್ದೆಯಾದರು. ಒಬ್ಬರ ಹಿಮ್ಮಡಿಗೆ ಇನ್ನೊಬ್ಬರ ಕಾಲು ತಗಲುತ್ತಿತ್ತು. ಒಬ್ಬರ ಲಂಗವನ್ನು ಇನ್ನೊಬ್ಬರು ತುಳಿಯುತ್ತಿದ್ದರು. ನಡೆದೆವು ಅನ್ನುವುದಕ್ಕಿಂತ ತಡವರಿಸಿಕೊಂಡು ಹೋದೆವು ಅನ್ನಬೇಕು, ಎನ್ನುವ ಹಾಗೆ ಬರೆದಿದ್ದಾಳೆ.

ನನಗೆ ಈ ಮಾತು ತುಂಬ ಇಷ್ಟ. ಜಾರ್ಜ್ ಹೇಟರ್ ಎಂಬ ಕಲಾವಿದ ಈ ಮದುವೆಯ ದೊಡ್ಡ ತೈಲಚಿತ್ರ ಬರೆದಿದ್ದಾನೆ. 1840ರಲ್ಲಿ ಶುರು ಮಾಡಿ 1842ರಲ್ಲಿ ಮುಗಿಸಿದ. ಚಿತ್ರದಲ್ಲಿ ಎಲ್ಲರೂ ಶಿಸ್ತಾಗಿ, ಪ್ರಶಾಂತವಾಗಿ ನಿಂತಿದ್ದಾರೆ. ಎಲ್ಲವೂ ಸರಿಯಾದ ಜಾಗದಲ್ಲಿದೆ. ವಿಲ್ಹೆಲ್ಮಿನಾಳ ಮಾತು ಓದಿದ ಮೇಲೆ ಆ ಚಿತ್ರ ನೋಡಿದರೆ ಆ ಹುಡುಗಿಯರು ಜೀವ ಬಂದ ಹಾಗೆ ಕಾಣುತ್ತಾರೆ. ಲಂಗದ ಅಂಚು ಎಲ್ಲಿ ಹರಿದುಹೋಗುತ್ತದೋ ಎಂಬ ಆತಂಕ, ನಗು ತಡೆದುಕೊಳ್ಳುವ ಕಷ್ಟ, ಎಲ್ಲವನ್ನೂ ಊಹಿಸಿಕೊಳ್ಳಬಹುದು.

ಈ ಹನ್ನೆರಡು ಜನರನ್ನು ಆರಿಸಿದ್ದರ ಹಿಂದೆಯೂ ಒಂದು ಜಗಳವಿದೆ. ಜಗಳ ಅಂದರೆ ಕೂಗಾಟವಲ್ಲ, ಕಾಗದಗಳಲ್ಲಿ ನಡೆದ ಜಗ್ಗಾಟ. ಆಲ್ಬರ್ಟ್ ಶಿಸ್ತಿನ ಮನುಷ್ಯ. ಅವನ ತಂದೆತಾಯಿಯ ಸಂಸಾರ ಮುರಿದುಬಿದ್ದಿತ್ತು. ಅವನು ಐದು ವರ್ಷದ ಹುಡುಗನಾಗಿದ್ದಾಗಲೇ ತಾಯಿ ಮನೆ ಬಿಟ್ಟು ಹೋಗಬೇಕಾಯಿತು. ಬಹುಶಃ ಅದಕ್ಕೇ ಈ ವಿಷಯದಲ್ಲಿ ಅವನು ಅಷ್ಟು ಬಿಗಿ. ಟ್ರೇನ್ ಹಿಡಿಯುವ ಹುಡುಗಿಯರ ತಾಯಂದಿರ ಹೆಸರಿಗೆ ಯಾವ ಕಳಂಕವೂ ಇರಬಾರದು ಎಂದು ಕೇಳಿಕೊಂಡ. ವಿಕ್ಟೋರಿಯಾ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಹತ್ತಿರ ಸಲಹೆ ಕೇಳಿದಳು. ಅವನು ಒಪ್ಪಲಿಲ್ಲ. ನಡತೆಯ ವಿಚಾರಣೆಯೆಲ್ಲ ಕೆಳಗಿನ ದರ್ಜೆಯವರಿಗೆ ಸರಿ, ದೊಡ್ಡ ಮನೆತನದ ಹೆಂಗಸರಿಗೆ ಅದು ಸಲ್ಲದು ಎಂಬುದು ಅವನ ವಾದ. ಈ ವಾದ ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಗೆದ್ದದ್ದು ಅದೇ.

ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಲೇಡಿ ಸಾರಾ ವಿಲಿಯರ್ಸ್ ಇದ್ದಳು. ಅವಳ ತಾಯಿ ಲೇಡಿ ಜರ್ಸಿ ಬಗ್ಗೆ ಲಂಡನ್ನಿನಲ್ಲಿ ಆಡಿಕೊಳ್ಳದವರೇ ಇರಲಿಲ್ಲ. ಲೇಡಿ ಫ್ಯಾನಿ ಕೂಪರ್ ಇದ್ದಳು. ಅವಳ ತಾಯಿ ಎಮಿಲಿ, ಪ್ರಧಾನಿ ಮೆಲ್ಬರ್ನನ ಸ್ವಂತ ತಂಗಿ. ಗಂಡ ತೀರಿಹೋದ ಮೇಲೆ, ಈ ಮದುವೆಗೆ ಎರಡೇ ತಿಂಗಳ ಮುಂಚೆ, 1839ರ ಡಿಸೆಂಬರಿನಲ್ಲಿ ಲಾರ್ಡ್ ಪಾಮರ್‌ಸ್ಟನ್‌ನನ್ನು ಮದುವೆಯಾಗಿದ್ದಳು. ಅವರಿಬ್ಬರ ಸ್ನೇಹ ಅದಕ್ಕೂ ಬಹಳ ಹಿಂದಿನದು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೆಲ್ಬರ್ನ್ ಅಷ್ಟು ಗಟ್ಟಿಯಾಗಿ ವಾದ ಮಾಡಿದ್ದು ಯಾಕೆ ಎಂಬುದಕ್ಕೆ ಸ್ವಂತ ತಂಗಿಯ ಮಗಳು ಪಟ್ಟಿಯಲ್ಲಿದ್ದದ್ದೂ ಒಂದು ಕಾರಣ ಇರಬಹುದು ಎಂದು ನನಗೆ ಅನ್ನಿಸುತ್ತದೆ.

ಲೇಡಿ ಅಡಿಲೇಡ್ ಪ್ಯಾಜೆಟ್ ಕಥೆ ಇನ್ನೂ ಜೋರು. ಅವಳ ತಂದೆ ಆಂಗ್ಲಸೀ ಪ್ರಭು, ವಾಟರ್ಲೂ ಯುದ್ಧದಲ್ಲಿ ಕುದುರೆ ಪಡೆಯನ್ನು ನಡೆಸಿ ಒಂದು ಕಾಲು ಕಳೆದುಕೊಂಡ ಸೇನಾನಿ. ಅದಕ್ಕೆ ಮುಂಚೆ, 1809ರಲ್ಲಿ, ವೆಲಿಂಗ್ಟನ್ ಪ್ರಭುವಿನ ತಮ್ಮನ ಹೆಂಡತಿ ಷಾರ್ಲೆಟ್ ಜೊತೆ ಓಡಿಹೋಗಿದ್ದ. ಇಬ್ಬರಿಗೂ ಅವರವರ ಮೊದಲ ಮದುವೆಯಿಂದ ವಿಚ್ಛೇದನವಾಗಿ, ಆಮೇಲೆ ಒಬ್ಬರನ್ನೊಬ್ಬರು ಮದುವೆಯಾದರು. ಆ ಮದುವೆಯ ಮಗಳು ಅಡಿಲೇಡ್. ಅದೇ ಮನೆತನದ ಇನ್ನೊಬ್ಬಳು ಎಲಿನೋರಾ ಪ್ಯಾಜೆಟ್, ಅಡಿಲೇಡಳ ಮಲಅಣ್ಣನ ಮಗಳು. ಅಂದರೆ ಸೋದರತ್ತೆ, ಸೋದರ ಸೊಸೆ ಇಬ್ಬರೂ ಒಟ್ಟಿಗೇ ಟ್ರೇನ್ ಹಿಡಿದಿದ್ದರು.

ಲೇಡಿ ಐಡಾ ಹೇ ಇದ್ದಳು. ಅವಳ ತಾಯಿ ಹಿಂದಿನ ರಾಜ ನಾಲ್ಕನೇ ವಿಲಿಯಮ್‌ನ ಮಗಳು. ಆದರೆ ಮದುವೆಯಾಗದೆ, ಡೊರೊಥಿಯಾ ಜೋರ್ಡನ್ ಎಂಬ ನಾಟಕದ ನಟಿಯಲ್ಲಿ ಹುಟ್ಟಿದವಳು. ವಿಕ್ಟೋರಿಯಾಗೆ ಸಿಂಹಾಸನ ಬಂದದ್ದೇ ಆ ವಿಲಿಯಮ್ ದೊಡ್ಡಪ್ಪನಿಂದ. ಆ ಮಕ್ಕಳ ತಾಯಿಯ ಜೊತೆ ಅವನ ಮದುವೆ ಆಗಿದ್ದರೆ, ಮತ್ತು ಅದಕ್ಕೆ ಕಾನೂನು ಒಪ್ಪಿದ್ದರೆ, ಕಿರೀಟ ಐಡಾಳ ತಾಯಿಯ ಮನೆಯ ಕಡೆಗೇ ಹೋಗಬಹುದಿತ್ತು. ಅವಳು ಇಲ್ಲಿ ಟ್ರೇನಿನ ಅಂಚು ಹಿಡಿದು ನಿಂತಿದ್ದಾಳೆ. ಹಿಂದಿನಿಂದ ನೋಡಿದರೆ ಬೇರೆ ಮದುವೆ ಕಾಣುತ್ತದೆ ಎಂದೆನಲ್ಲ, ಅದು ಇದಕ್ಕೇ.

ಇನ್ನು ಹದ್ದು. ಯಾಕೆ ಹದ್ದು? ಪಾರಿವಾಳ ಇರಬಹುದಿತ್ತು, ಹೂವು ಇರಬಹುದಿತ್ತು. ಮದುವೆಗೆ ಇಪ್ಪತ್ತು ವರ್ಷದ ಹುಡುಗಿಯರಿಗೆ ಕೊಡುವ ಒಡವೆಗೆ ಬೇಟೆ ಹಕ್ಕಿ ಯಾಕೆ?

ಇದಕ್ಕೆ ಆಲ್ಬರ್ಟನ ಪರಿಸ್ಥಿತಿ ತಿಳಿದಿರಬೇಕು. ಇಂಗ್ಲೆಂಡಿನ ಜನಕ್ಕೆ ಅವನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಜರ್ಮನಿಯ ಒಂದು ಸಣ್ಣ ಸಂಸ್ಥಾನದ ಎರಡನೇ ಮಗ. ಕೈಯಲ್ಲಿ ಹಣವಿಲ್ಲ. ರಾಣಿಯ ದುಡ್ಡಿಗಾಗಿ ಬರುತ್ತಿದ್ದಾನೆ ಎಂದು ಬೀದಿ ಹಾಡುಗಳನ್ನೇ ಕಟ್ಟಿದರು. ಅವನಿಗೆ ವರ್ಷಕ್ಕೆ 50,000 ಪೌಂಡ್ ಕೊಡಬೇಕು ಎಂದು ಸರ್ಕಾರ ಪಾರ್ಲಿಮೆಂಟಿನ ಮುಂದೆ ಇಟ್ಟಿತು. ಪಾರ್ಲಿಮೆಂಟು ಅದನ್ನು 30,000ಕ್ಕೆ ಇಳಿಸಿತು. ಇದು ಮದುವೆಗೆ ಎರಡು ವಾರ ಇದೆ ಎನ್ನುವಾಗ. ವಿಕ್ಟೋರಿಯಾಗೆ ಎಷ್ಟು ಸಿಟ್ಟು ಬಂತೆಂದರೆ ವಿರೋಧ ಪಕ್ಷವಾದ ಟೋರಿಗಳಲ್ಲಿ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಮದುವೆಗೆ ಕರೆದಳು. ಇದು ನನ್ನ ಮದುವೆ, ನನ್ನ ಸುಖ ಬಯಸುವವರು ಮಾತ್ರ ಬರಲಿ ಎಂಬುದು ಅವಳ ಹಟ.

ಜರ್ಮನ್ ರಾಜವಂಶಗಳ ಲಾಂಛನಗಳಲ್ಲಿ ಹದ್ದಿಗೆ ತುಂಬ ಹಳೆಯ ಜಾಗವಿದೆ. ಹಾಗಾಗಿ ಈ ಬ್ರೋಚಿನ ಹದ್ದನ್ನು ಮದುಮಗನ ಕಡೆಯ ಹಕ್ಕಿ ಎಂದೇ ನೋಡುತ್ತಾರೆ. ಇಂಗ್ಲೆಂಡಿನ ದೊಡ್ಡವರು ಅವನ ಭತ್ಯೆ ಕತ್ತರಿಸಿದರು. ಅದೇ ದೊಡ್ಡವರ ಮನೆಯ ಹನ್ನೆರಡು ಹೆಣ್ಣುಮಕ್ಕಳಿಗೆ ಅವನ ನಾಡಿನ ಹಕ್ಕಿ ಉಡುಗೊರೆಯಾಗಿ ಹೋಯಿತು. ವಿಕ್ಟೋರಿಯಾ ಬೇಕಂತಲೇ ಹೀಗೆ ಮಾಡಿದಳು ಎಂದು ನಾನು ಆಣೆ ಇಟ್ಟು ಹೇಳುವುದಿಲ್ಲ. ಆದರೆ ಅವಳ ಸ್ವಭಾವ ನೋಡಿದರೆ ಇದು ಅವಳಿಗೆ ತುಂಬ ಖುಷಿ ಕೊಟ್ಟಿರಬೇಕು.

ವಿನ್ಯಾಸ ಯಾರದ್ದು ಎಂಬ ವಿಷಯ ಇಲ್ಲಿ ಬರುತ್ತದೆ. ಆಗಿನ ವರದಿಗಳು ಬ್ರೋಚನ್ನು ಚೆನ್ನಾಗಿ ವರ್ಣಿಸಿವೆ. ಮೈಯೆಲ್ಲ ಫಿರೋಜಾ, ಕಣ್ಣು ಮಾಣಿಕ್ಯ, ಕೊಕ್ಕು ವಜ್ರ, ಚಿನ್ನದ ಉಗುರುಗಳು ಬೆಲೆಬಾಳುವ ದಪ್ಪ ಮುತ್ತುಗಳ ಮೇಲೆ ಕೂತಿವೆ ಎಂದು. ಜೊತೆಗೆ, ವಿನ್ಯಾಸ ರಾಣಿಯವರದ್ದೇ ಎಂದೂ ಸೇರಿಸಿವೆ. ಈಗ ಮ್ಯೂಸಿಯಂನವರು ವಿನ್ಯಾಸ ಆಲ್ಬರ್ಟನದ್ದು, ಮಾಡಿದವನು ಚಾರ್ಲ್ಸ್ ದು ವೇ ಎಂದು ಹೇಳುತ್ತಾರೆ. ನನಗೆ ಆಲ್ಬರ್ಟನದ್ದು ಎಂಬುದೇ ಸರಿ ಅನ್ನಿಸುತ್ತದೆ. ಕಾರಣ ಇದೆ.

ಆಲ್ಬರ್ಟನಿಗೆ ಒಡವೆಯ ಹುಚ್ಚಿತ್ತು. ಹಾಕಿಕೊಳ್ಳುವ ಹುಚ್ಚಲ್ಲ, ರೂಪಿಸುವ ಹುಚ್ಚು. 1839ರ ಅಕ್ಟೋಬರ್ 15ರಂದು ವಿಂಡ್ಸರಿನಲ್ಲಿ ವಿಕ್ಟೋರಿಯಾ ತಾನೇ ಅವನಿಗೆ ಮದುವೆಯ ಮಾತು ಹೇಳಿದಳು. ಆಳುವ ರಾಣಿಗೆ ಬೇರೆಯವರು ಹೇಳುವ ಹಾಗಿರಲಿಲ್ಲ. ಮುಂದಿನ ತಿಂಗಳೇ ಅವನು ಜರ್ಮನಿಯಿಂದ ಅವಳಿಗೊಂದು ಬ್ರೋಚ್ ಕಳಿಸಿದ. ಕಿತ್ತಳೆ ಹೂವಿನ ಒಂದು ರೆಂಬೆ. ಎಲೆಗಳು ಚಿನ್ನದವು, ಹೂವುಗಳು ಬಿಳಿ ಪಿಂಗಾಣಿಯವು. ಮದುವೆಯ ನಂತರ ಅದಕ್ಕೆ ಹೊಂದುವ ಓಲೆ, ಇನ್ನೊಂದು ಬ್ರೋಚ್ ಬಂದವು. 1846ರಲ್ಲಿ ಮದುವೆಯ ದಿನದ ನೆನಪಿಗೆ ತಲೆಗೆ ಮುಡಿಯುವ ದಂಡೆ ಬಂತು. ಆ ದಂಡೆಯಲ್ಲಿ ಎನಾಮೆಲ್ ಹಾಕಿದ ನಾಲ್ಕು ಪುಟ್ಟ ಹಸಿರು ಕಿತ್ತಳೆಕಾಯಿಗಳಿವೆ. ಆಗ ಅವರಿಗಿದ್ದ ನಾಲ್ಕು ಮಕ್ಕಳ ಗುರುತು. ಇಷ್ಟು ಯೋಚನೆ ಮಾಡಿ ಒಡವೆ ಮಾಡಿಸುವವನು ತನ್ನ ಮದುವೆಯ ಬ್ರೋಚನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಲಾರ.

ಈ ಹದ್ದಿನಲ್ಲೂ ಅಂಥದೇ ಯೋಚನೆ ಕಾಣುತ್ತದೆ. ಆ ಕಾಲದ ಯುರೋಪಿನಲ್ಲಿ ಒಂದೊಂದು ಕಲ್ಲಿಗೂ ಒಂದೊಂದು ಅರ್ಥ ಕಟ್ಟಿದ್ದರು. ಫಿರೋಜಾ, ಮುತ್ತು ಎಂದರೆ ನಿಜವಾದ ಪ್ರೀತಿ. ಮಾಣಿಕ್ಯ ಎಂದರೆ ತೀವ್ರವಾದ ಒಲವು. ವಜ್ರ ಎಂದರೆ ಎಂದೂ ಮುಗಿಯದ್ದು. ಕೊಟ್ಟವರಿಗೂ ತೆಗೆದುಕೊಂಡವರಿಗೂ ಈ ಅರ್ಥಗಳು ಗೊತ್ತಿದ್ದವು. ಹಾಗಾಗಿ ಬೇಟೆ ಹಕ್ಕಿಯ ಆಕಾರ ಒಂದು ಮಾತು ಹೇಳಿದರೆ, ಕಲ್ಲುಗಳು ಇನ್ನೊಂದು ಮಾತು ಹೇಳುತ್ತವೆ. ಆಕಾರ ರಾಜಮನೆತನದ್ದು. ಕಲ್ಲು ಪ್ರೀತಿಸಿ ಮದುವೆಯಾದ ಇಬ್ಬರದ್ದು. ಎರಡನ್ನೂ ಇಷ್ಟು ಸಣ್ಣ ಜಾಗದಲ್ಲಿ ಸೇರಿಸಿದ್ದು ಸುಮ್ನೆ ಆಗುವ ಕೆಲಸವಲ್ಲ.

ಕೆಲಸಗಾರಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಫಿರೋಜಾವನ್ನು ವಜ್ರದ ಹಾಗೆ ಪಟ್ಟೆ ಹೊಡೆದು ಮುಖ ಮಾಡುವುದಿಲ್ಲ. ಅದು ಬೆಳಕು ತೂರಿಹೋಗುವ ಕಲ್ಲಲ್ಲ. ಅದಕ್ಕೇ ಉಜ್ಜಿ ಉಜ್ಜಿ ನುಣುಪಾದ ಗುಂಡು ಕಾಳಿನ ಹಾಗೆ ಮಾಡುತ್ತಾರೆ. ಈ ಹದ್ದಿನ ಮೈಮೇಲೆ ಅಂಥ ಸಣ್ಣ ಸಣ್ಣ ಕಾಳುಗಳನ್ನು ಒತ್ತೊತ್ತಾಗಿ ಕೂರಿಸಿದ್ದಾರೆ. ನಡುವೆ ಚಿನ್ನ ಆದಷ್ಟು ಕಡಿಮೆ ಕಾಣಬೇಕು, ನೀಲಿಯೇ ಹರಡಿಕೊಂಡ ಹಾಗಿರಬೇಕು. ರೆಕ್ಕೆಯ ತುದಿ ಕಿರಿದಾಗುತ್ತಾ ಹೋದ ಹಾಗೆ ಕಲ್ಲೂ ಸಣ್ಣದಾಗುತ್ತಾ ಹೋಗಬೇಕು. ಹಾಗೆ ಆದರೆ ಮಾತ್ರ ಅದು ಗರಿಯ ಹಾಗೆ ಕಾಣುತ್ತದೆ. ಇದನ್ನು ಹನ್ನೆರಡು ಸಲ ಮಾಡಬೇಕು. ಬಣ್ಣ ಹೊಂದುವ ಕಲ್ಲುಗಳನ್ನು ಹನ್ನೆರಡು ಹದ್ದುಗಳಿಗಾಗುವಷ್ಟು ಆರಿಸುವುದೇ ದೊಡ್ಡ ಕೆಲಸ. ಚಾರ್ಲ್ಸ್ ದು ವೇಯ ಅಂಗಡಿಯಲ್ಲಿ ಕೂತು ಕಲ್ಲು ಆರಿಸಿದ ಕೈಗಳ ಹೆಸರನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಹದ್ದಿನ ಹತ್ತಿರ ಹೋದವರು ಆ ಕೈಗಳನ್ನೂ ಒಂದು ಕ್ಷಣ ನೆನೆಯಬೇಕು.

ಫಿರೋಜಾಗೆ ಒಂದು ಕಷ್ಟವಿದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಫಿರೋಜಾ ಉಂಗುರ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಅದು ಮೆತ್ತನೆಯ ಕಲ್ಲು. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮೈಯ ಬೆವರು, ಎಣ್ಣೆ, ಸೆಂಟು, ಸೋಪಿನ ನೀರು ಒಳಗೆ ಇಳಿದರೆ ನೀಲಿ ಬಣ್ಣ ನಿಧಾನಕ್ಕೆ ಹಸಿರಿಗೆ ತಿರುಗುತ್ತದೆ. ಜಾಸ್ತಿ ಬಿಸಿಲು, ಬಿಸಿ ತಗಲಿದರೂ ಹಾಳು. 19ನೇ ಶತಮಾನದ ಫಿರೋಜಾ ಒಡವೆಗಳಲ್ಲಿ ಅರ್ಧ ನೀಲಿ ಅರ್ಧ ಹಸಿರು ಆಗಿರುವುದು ಬೇಕಾದಷ್ಟು ಸಿಗುತ್ತವೆ. ಅಂಥ ಕಲ್ಲಿನ ಒಡವೆ ಇಷ್ಟು ಕಾಲ ಬಾಳಿ ಬಂದಿದೆ ಎಂದರೆ ಇದನ್ನು ಯಾರೋ ಜೋಪಾನವಾಗಿ ಎತ್ತಿಟ್ಟಿದ್ದರು ಎಂದೇ ಅರ್ಥ. ದಿನವೂ ಹಾಕಿಕೊಂಡ ಒಡವೆ ಅಲ್ಲ ಇದು.

ಆ ಹುಡುಗಿಯರು ಮುಂದೆ ಏನಾದರು ಎಂದು ಸ್ವಲ್ಪ ಹೇಳಬೇಕು. ಹನ್ನೆರಡು ಜನರ ಕಥೆಯನ್ನೂ ಹೇಳಲು ಹೊತ್ತಿಲ್ಲ. ನನ್ನ ಮನಸ್ಸಿಗೆ ಹತ್ತಿರವಾದ ನಾಲ್ವರದ್ದು ಹೇಳುತ್ತೇನೆ.

ಟ್ರೇನ್ ಸಾಲಲಿಲ್ಲ ಎಂದು ಬರೆದಳಲ್ಲ ವಿಲ್ಹೆಲ್ಮಿನಾ, ಅವಳು 1843ರಲ್ಲಿ ಲಾರ್ಡ್ ಡಾಲ್‌ಮೆನಿಯನ್ನು ಮದುವೆಯಾದಳು. 1851ರಲ್ಲಿ ಗಂಡ ತೀರಿಕೊಂಡ. 1854ರಲ್ಲಿ ಮತ್ತೆ ಮದುವೆಯಾದಳು. ಮುಂದೆ ಕ್ಲೀವ್‌ಲೆಂಡಿನ ಡಚೆಸ್ ಆದಳು. ವಂಶಾವಳಿ, ಇತಿಹಾಸದ ಬಗ್ಗೆ ಪುಸ್ತಕಗಳನ್ನೂ ಬರೆದಳು. ಬರೆಯುವ ಕೈ ಚಿಕ್ಕಂದಿನಿಂದಲೇ ಇತ್ತು ಎಂಬುದು ನಮಗೀಗ ಗೊತ್ತಿದೆ. ಮೊದಲ ಮದುವೆಯ ಮಗ ಲಾರ್ಡ್ ರೋಸ್‌ಬರಿ 1894ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ. ಅವನನ್ನು ನೇಮಿಸಿದ್ದು ವಿಕ್ಟೋರಿಯಾ. ಅಂದು ತನ್ನ ಟ್ರೇನ್ ಹಿಡಿದು ತಡವರಿಸಿದ ಹುಡುಗಿಯ ಮಗನನ್ನು, ಐವತ್ತನಾಲ್ಕು ವರ್ಷದ ನಂತರ! ರಾಣಿ, ವಿಲ್ಹೆಲ್ಮಿನಾ ಇಬ್ಬರೂ ಹುಟ್ಟಿದ್ದು 1819ರಲ್ಲಿ. ಇಬ್ಬರೂ ತೀರಿಕೊಂಡದ್ದು 1901ರಲ್ಲಿ.

ಫ್ಯಾನಿ ಕೂಪರ್ ಮರುವರ್ಷವೇ ಲಾರ್ಡ್ ಜೋಸ್‌ಲಿನ್‌ನನ್ನು ಮದುವೆಯಾದಳು. ಅವನು 1854ರಲ್ಲಿ ಕಾಲರಾದಿಂದ ಸತ್ತ. ಮಕ್ಕಳನ್ನು ಕಟ್ಟಿಕೊಂಡು ವಿಧವೆಯಾದ ಫ್ಯಾನಿ ಫೋಟೋಗ್ರಫಿ ಕೈಗೆತ್ತಿಕೊಂಡಳು. ಆಗ ಅದು ಗಾಜಿನ ಪ್ಲೇಟು, ರಾಸಾಯನಿಕ, ಕತ್ತಲೆ ಕೋಣೆ ಎಲ್ಲ ಬೇಡುವ ಕಷ್ಟದ ಕೆಲಸ. ಮನೆಯವರ ಚಿತ್ರ, ಮನೆಯ ಸುತ್ತಿನ ಚಿತ್ರ ತೆಗೆದಳು. ಫೋಟೋಗಳನ್ನು ಕತ್ತರಿಸಿ, ಸುತ್ತ ಜಲವರ್ಣದಲ್ಲಿ ಚಿತ್ರ ಬರೆದು ಆಲ್ಬಮ್ ಮಾಡಿದಳು. ಆರಂಭ ಕಾಲದ ಹೆಣ್ಣು ಫೋಟೋಗ್ರಾಫರುಗಳ ಸಾಲಿನಲ್ಲಿ ಇವತ್ತು ಅವಳ ಹೆಸರಿದೆ. ರಾಣಿಯ ಮದುವೆಯ ಚಿತ್ರದಲ್ಲಿ ಹಿನ್ನೆಲೆಗೆ ನಿಂತವಳು ಮುಂದೆ ತಾನೇ ಚಿತ್ರ ತೆಗೆಯುವವಳಾದಳು.

ಅಡಿಲೇಡ್ ಪ್ಯಾಜೆಟ್ 1851ರಲ್ಲಿ ಫ್ರೆಡರಿಕ್ ಕ್ಯಾಡೊಗನ್‌ನನ್ನು ಮದುವೆಯಾದಳು. ಅವಳು ಹೆಸರು ಮಾಡಿದ್ದು ಯಾರೂ ಊಹಿಸದ ಒಂದು ವಿಷಯದಲ್ಲಿ. ಒಬ್ಬರೇ ಕೂತು ಆಡುವ ಇಸ್ಪೀಟಾಟ ಇದೆಯಲ್ಲ, ಈಗ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ನಾವೆಲ್ಲ ಆಡುವುದು, ಆ ಆಟಗಳ ನಿಯಮಗಳನ್ನು ಚಿತ್ರಗಳ ಜೊತೆ ವಿವರಿಸಿ ಇಂಗ್ಲಿಷಿನಲ್ಲಿ ಬಂದ ಮೊದಮೊದಲ ಪುಸ್ತಕಗಳಲ್ಲಿ ಅವಳದ್ದೂ ಒಂದು. ಮತ್ತೆ ಮತ್ತೆ ಅಚ್ಚಾಯಿತು.

ಸಾರಾ ವಿಲಿಯರ್ಸ್ 1842ರಲ್ಲಿ ಹಂಗೇರಿಯ ಎಸ್ಟರ್‌ಹಾಜಿ ರಾಜಮನೆತನಕ್ಕೆ ಸೊಸೆಯಾಗಿ ಹೋದಳು. 1853ರಲ್ಲಿ ತೀರಿಕೊಂಡಳು. ಮೂವತ್ತರ ಆಚೀಚಿನ ವಯಸ್ಸು. ಅವಳ ಬಗ್ಗೆ ಇಷ್ಟೇ ಹೇಳಿ ಮುಗಿಸಬೇಕಾಗಿ ಬರುವುದು ನನಗೆ ಪ್ರತಿ ಸಲವೂ ಬೇಸರ ತರುತ್ತದೆ.

ಆ ಮದುವೆಯ ಬೇರೆ ವಸ್ತುಗಳೂ ಉಳಿದಿವೆ. ರಾಣಿಯ ಉಡುಪು ಅರಮನೆಯ ಸಂಗ್ರಹದಲ್ಲಿದೆ. ಅವಳ ಬಿಳಿ ಸ್ಯಾಟಿನ್ ಪಾದರಕ್ಷೆ ನಾರ್ತಾಂಪ್ಟನ್ ಮ್ಯೂಸಿಯಂನಲ್ಲಿದೆ. ಮದುವೆಯ ಕೇಕು 300 ಪೌಂಡು, ಅಂದರೆ ಸುಮಾರು 136 ಕಿಲೋ ತೂಗುತ್ತಿತ್ತು. ಅದರ ತುಣುಕುಗಳು ಕೂಡ ಇಂದಿಗೂ ಅಲ್ಲಲ್ಲಿ ಇವೆ. ಮುಖದ ತೆರೆ ಮಾತ್ರ ಸಿಗುವುದಿಲ್ಲ. 1901ರಲ್ಲಿ ರಾಣಿಯನ್ನು ಸಮಾಧಿ ಮಾಡಿದಾಗ ಅದು ಅವಳ ಜೊತೆಗೇ ಹೋಯಿತು. ಆದರೆ ಇವೆಲ್ಲ ರಾಣಿಗೆ ಸೇರಿದವು, ಅಥವಾ ರಾಣಿಯದ್ದು ಎಂದು ಜನ ಎತ್ತಿಟ್ಟುಕೊಂಡವು. ಹದ್ದಿನ ಬ್ರೋಚ್ ಹಾಗಲ್ಲ. ಅದು ಕೊಟ್ಟ ಕ್ಷಣವೇ ರಾಣಿಯ ಕೈ ಬಿಟ್ಟಿತು. ಹನ್ನೆರಡು ಮನೆಗಳಿಗೆ ಹಂಚಿಹೋಯಿತು. ಮದುವೆಯಾಗಿ ಹೋದ ಮನೆಗೆ, ಮಗಳಿಗೆ, ಮೊಮ್ಮಗಳಿಗೆ ಹೋಗುವ ದಾರಿ ಹಿಡಿಯಿತು.

ಇಂಥ ಒಡವೆ ಉಳಿಯುವುದು ಸುಲಭವಲ್ಲ. ಚಿನ್ನಕ್ಕೂ ಕಲ್ಲಿಗೂ ಯಾವಾಗಲೂ ಬೆಲೆ ಇರುತ್ತದೆ. ಫ್ಯಾಶನ್ ಬದಲಾದ ಹಾಗೆ ಹಳೆಯದನ್ನು ಮುರಿಸಿ ಹೊಸದು ಮಾಡಿಸುತ್ತಾರೆ. 1840ರ ಹೊತ್ತಿಗೆ ಫಿರೋಜಾ ತುಂಬ ಚಾಲ್ತಿಯಲ್ಲಿತ್ತು. ಆಮೇಲಾಮೇಲೆ ವಜ್ರದ ಕಾಲ ಬಂತು. ಹದ್ದಿನ ಕಲ್ಲುಗಳನ್ನು ಕಿತ್ತು ಬೇರೆ ಏನಾದರೂ ಮಾಡಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮುರಿಸದೆ ಇಟ್ಟುಕೊಂಡದ್ದಕ್ಕೆ ಒಂದೇ ಕಾರಣ. ಇದು ಯಾರು ಕೊಟ್ಟಿದ್ದು, ಯಾವ ದಿನ ಕೊಟ್ಟಿದ್ದು ಎಂಬುದು ಮನೆಯಲ್ಲಿ ಮರೆತುಹೋಗಿರಲಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿಯದ್ದೋ ಮುತ್ತಜ್ಜಿಯದ್ದೋ ಒಡವೆ ಇದ್ದರೆ, ಅದು ಯಾರದ್ದು, ಯಾರು ಯಾವಾಗ ಕೊಟ್ಟದ್ದು ಎಂದು ಒಂದು ಚೀಟಿಯಲ್ಲಿ ಬರೆದು ಅದೇ ಡಬ್ಬಿಯಲ್ಲಿಡಿ. ಇದು ನನ್ನ ಕಳಕಳಿಯ ಕೋರಿಕೆ. ಹೇಳುವವರು ಇರುವಾಗಲೇ ಕೇಳಿ ಬರೆದಿಡಿ.

ಬ್ರಿಟಿಷ್ ಮ್ಯೂಸಿಯಂನ ವಿಷಯ ಬಂದಾಗ ಇನ್ನೊಬ್ಬ ಹೆಣ್ಣುಮಗಳ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಆನ್ ಹಲ್ ಗ್ರಂಡಿ. 1926ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವಳು. ನಾಜಿಗಳ ಕಾಲದಲ್ಲಿ ಕುಟುಂಬ ಇಂಗ್ಲೆಂಡಿಗೆ ಬಂತು. ಇನ್ನೂ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಿದ್ದು ಜೀವನದ ಬಹುಪಾಲನ್ನು ಹಾಸಿಗೆಯಲ್ಲೇ ಕಳೆದಳು. ಹಾಸಿಗೆಯಿಂದಲೇ ವ್ಯಾಪಾರಿಗಳ ಜೊತೆ ವ್ಯವಹಾರ ಮಾಡಿ, ಆಗ ಯಾರಿಗೂ ಅಷ್ಟಾಗಿ ಬೇಡವಾಗಿದ್ದ 19ನೇ ಶತಮಾನದ ಒಡವೆಗಳನ್ನು ಕೂಡಿಟ್ಟಳು. 1978ರಲ್ಲಿ ಸುಮಾರು 1,200 ಒಡವೆಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟಳು. ಆ ಕಾಲದ ಒಡವೆಗಳನ್ನು ಓದಿ ತಿಳಿಯಲು ಇವತ್ತು ಆ ಮ್ಯೂಸಿಯಂಗೆ ಹೋಗಬೇಕು ಎಂದಿದ್ದರೆ ಅದಕ್ಕೆ ಅವಳ ಕೊಡುಗೆ ದೊಡ್ಡ ಕಾರಣ. ವಜ್ರದ ತೂಕವನ್ನಷ್ಟೇ ನೋಡುತ್ತಿದ್ದ ಕಾಲದಲ್ಲಿ ಅವಳು ನೋಡಿದ್ದು ಒಡವೆಯ ಹಿಂದಿನ ಮನುಷ್ಯರನ್ನು.

ಕೊನೆಗೆ, ಟ್ರೇನ್ ಹಿಡಿದವರಿಗೆ ಒಡವೆ ಕೊಡುವ ಈ ಪದ್ಧತಿ ಮುಂದೆ ಏನಾಯಿತು ಎಂದು ಒಬ್ಬರು ಚೀಟಿ ಕಳಿಸಿ ಕೇಳಿದ್ದಾರೆ. ಪದ್ಧತಿ ಮುಂದುವರಿಯಿತು. 1863ರ ಮಾರ್ಚ್ 10ರಂದು ವಿಂಡ್ಸರಿನಲ್ಲಿ ವಿಕ್ಟೋರಿಯಾಳ ಹಿರಿಯ ಮಗನಿಗೂ ಡೆನ್ಮಾರ್ಕಿನ ಅಲೆಕ್ಸಾಂಡ್ರಾಗೂ ಮದುವೆಯಾಯಿತು. ಆಲ್ಬರ್ಟ್ ತೀರಿಕೊಂಡು ಒಂದು ವರ್ಷದ ಮೇಲೆ ಸ್ವಲ್ಪ ದಿನವಾಗಿತ್ತು. ವಿಕ್ಟೋರಿಯಾ ಕಪ್ಪು ಉಡುಪಿನಲ್ಲಿ ಮೇಲಿನ ಮೊಗಸಾಲೆಯಲ್ಲಿ ಕೂತು ನೋಡಿದಳು. ಈ ಸಲ ಟ್ರೇನ್ ಹಿಡಿದವರು ಎಂಟೇ ಜನ. ಹನ್ನೆರಡಾದರೆ ಏನಾಗುತ್ತದೆ ಎಂದು ಅರಮನೆಯವರಿಗೆ ಅಷ್ಟರಲ್ಲಿ ಗೊತ್ತಾಗಿತ್ತೇನೋ. ಎಂಟು ಜನಕ್ಕೂ ಮದುಮಗ ಒಂದೊಂದು ಲಾಕೆಟ್ ಕೊಟ್ಟ. ಹವಳ ಮತ್ತು ವಜ್ರ, ಕೆಂಪು ಮತ್ತು ಬಿಳಿ. ಅವು ಡೆನ್ಮಾರ್ಕಿನ ಬಣ್ಣಗಳು. ಹಿಂದೆ ಮದುಮಗನ ನಾಡಿನ ಹಕ್ಕಿ ಬಂದಿತ್ತು, ಈ ಸಲ ಮದುಮಗಳ ನಾಡಿನ ಬಣ್ಣ ಬಂತು. ನಡುವಿನ ಸ್ಫಟಿಕದಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಹೆಣೆದಿದ್ದರು. ಆ ಅಕ್ಷರಗಳ ವಿನ್ಯಾಸ ಮಾಡಿದವಳು ಮದುಮಗನ ತಂಗಿ, ಆಲ್ಬರ್ಟನ ಮಗಳು ಆಲಿಸ್.